ಹಬ್ಬದ ದಿನಗಳ ದೋಣಿಯಾನ: ತಾತ್ಕಾಲಿಕ ಸುರಕ್ಷತಾ ನಿಯಮಗಳು

ಹಬ್ಬ, ಜಾತ್ರೆ ಅಥವಾ ಸಾಲು ರಜೆಗಳ ಸಂದರ್ಭದಲ್ಲಿ, ಒಂದು ನಿರ್ದಿಷ್ಟ ಜಲಪ್ರದೇಶಕ್ಕೆ ಮತ್ತು ನಿರ್ದಿಷ್ಟ ಅವಧಿಗೆ ಮಾತ್ರ ಅನ್ವಯಿಸುವಂತೆ ಆಡಳಿತವು ಹೊರಡಿಸುವ ಕಟ್ಟುಪಾಡುಗಳನ್ನು ತಾತ್ಕಾಲಿಕ ದೋಣಿಯಾನ ನಿಯಮಗಳೆಂದು ಕರೆಯಬಹುದು. ವರ್ಷವಿಡೀ ಜಾರಿಯಲ್ಲಿರುವ ನೋಂದಣಿ, ಪರವಾನಗಿ ಮತ್ತು ತಪಾಸಣೆಯ ಕಾನೂನುಗಳಿಗೆ ಇವು ಪೂರಕವೇ ಹೊರತು ಪರ್ಯಾಯವಲ್ಲ. ಚೆನ್ನೈಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ವಿಷಯ ಎರಡು ದಿಕ್ಕಿನಿಂದಲೂ ಹತ್ತಿರವಾದುದು. ಕ್ರಿಸ್‌ಮಸ್ ರಜೆಯಲ್ಲಿ, ಪೊಂಗಲ್ ದಿನಗಳಲ್ಲಿ ನಾವು ಮುಟ್ಟುಕಾಡಿಗೋ ಪಳವೇರ್ಕಾಡಿಗೋ ಹೋಗುತ್ತೇವೆ. ಊರಿಗೆ ಹೋದಾಗ ಮಲ್ಪೆ, ಕಾರವಾರಗಳಲ್ಲಿ ದೋಣಿ ಹತ್ತುತ್ತೇವೆ. ಎರಡೂ ಕಡೆ ನಾವು ನೀರಿನ ಸ್ವಭಾವವನ್ನು ಬಲ್ಲ ಸ್ಥಳೀಯರಲ್ಲ, ಒಂದು ದಿನದ ಅತಿಥಿಗಳು. ತಾತ್ಕಾಲಿಕ ನಿಯಮಗಳು ಮುಖ್ಯವಾಗಿ ಇಂಥ ಅತಿಥಿಗಳಿಗಾಗಿಯೇ ಇರುವಂಥವು.

ಕೊಳದ ತೆಪ್ಪ, ಕಡಲ ದೋಣಿ

ದೇವರನ್ನು ನೀರಿನ ಮೇಲೆ ಮೆರೆಸುವ ಸಂಪ್ರದಾಯ ನಮ್ಮಲ್ಲಿ ಪ್ರಾಚೀನವಾದುದು. ಉಡುಪಿಯ ಮಧ್ವ ಸರೋವರ, ಮೇಲುಕೋಟೆಯ ಕಲ್ಯಾಣಿ, ನಂಜನಗೂಡಿನ ಕಪಿಲಾ ನದಿ, ಚಾಮುಂಡಿ ಬೆಟ್ಟದ ದೇವಿಕೆರೆ, ಇವೆಲ್ಲ ತೆಪ್ಪೋತ್ಸವಕ್ಕೆ ಹೆಸರಾದ ಸ್ಥಳಗಳು. ಚೆನ್ನೈಯ ಮೈಲಾಪುರದಲ್ಲಿ ಕಪಾಲೀಶ್ವರ ದೇವಾಲಯದ ತೆಪ್ಪೋತ್ಸವವು ತೈಪೂಸದ ವೇಳೆಗೆ ಮೂರು ರಾತ್ರಿ ನಡೆಯುತ್ತದೆ. ಪೀಪಾಯಿಗಳ ಮೇಲೆ ಮರದ ಹಲಗೆ ಜೋಡಿಸಿ ಕಟ್ಟಿದ ತೆಪ್ಪವು ಕೊಳದ ನಡುವಿನ ಮಂಟಪವನ್ನು ಪ್ರದಕ್ಷಿಣೆ ಹಾಕುತ್ತದೆ. ಜನರು ಮೆಟ್ಟಿಲುಗಳ ಮೇಲೆ ನಿಂತು ನೋಡುತ್ತಾರೆ. ತೆಪ್ಪದ ಮೇಲಿರುವವರು ಕೆಲವರೇ. ಅಲೆಯಿಲ್ಲದ ನೀರು, ಕಣ್ಣಳತೆಯಲ್ಲಿರುವ ದಡ, ಮಿತವಾದ ಭಾರ, ಈ ಮೂರೂ ಅಲ್ಲಿ ಸಹಜವಾಗಿಯೇ ಸುರಕ್ಷತೆಯನ್ನು ಒದಗಿಸುತ್ತವೆ.

ಭಕ್ತಾದಿಗಳೇ ದೋಣಿಯೇರಿ ದೇವರಿದ್ದಲ್ಲಿಗೆ ಹೋಗುವ ಜಾತ್ರೆಯ ಸ್ವರೂಪ ಬೇರೆ. ಉತ್ತರ ಕನ್ನಡ ಜಿಲ್ಲೆಯ ಕಾರವಾರದ ಬಳಿ, ಅರಬ್ಬೀ ಸಮುದ್ರದಲ್ಲಿರುವ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಇದಕ್ಕೆ ಉತ್ತಮ ನಿದರ್ಶನ. ವರ್ಷಕ್ಕೊಮ್ಮೆ, ಪುಷ್ಯ ಹುಣ್ಣಿಮೆಯಂದು ನಡೆಯುವ ಈ ಜಾತ್ರೆಗೆ ದೋಣಿಯ ಹೊರತು ಬೇರೆ ದಾರಿಯಿಲ್ಲ. ಮೀನುಗಾರರ ಭಕ್ತಿಗೆ ಪಾತ್ರವಾದ ಈ ದೇವರ ದರ್ಶನಕ್ಕೆ ದೂರದ ಬಯಲುಸೀಮೆಯಿಂದಲೂ ಜನ ಬರುತ್ತಾರೆ.

ಕೂರ್ಮಗಡ, 2019

2019ರ ಜನವರಿ 21ರಂದು ಪುಷ್ಯ ಹುಣ್ಣಿಮೆ. ತಮಿಳುನಾಡಿನಲ್ಲಿ ಅದೇ ದಿನ ತೈಪೂಸ. ಅಂದು ಮಧ್ಯಾಹ್ನ ಕೂರ್ಮಗಡದಿಂದ ಜಾತ್ರೆ ಮುಗಿಸಿ ಕಾರವಾರದ ದಡಕ್ಕೆ ಹಿಂದಿರುಗುತ್ತಿದ್ದ ದೋಣಿಯೊಂದು ಅಲೆಗಳ ಹೊಡೆತಕ್ಕೆ ಸಿಲುಕಿ ಮಗುಚಿತು. 16 ಮಂದಿ ಜಲಸಮಾಧಿಯಾದರು. ಮೃತರಲ್ಲಿ ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಕುಟುಂಬದ ಹಲವರಿದ್ದರು. ಎಳೆಯ ಮಕ್ಕಳೂ ಇದ್ದರು. ದೋಣಿಯಲ್ಲಿ ಅದರ ಸಾಮರ್ಥ್ಯವನ್ನು ಮೀರಿ ಜನ ತುಂಬಿದ್ದರೆಂದೂ ಪ್ರಯಾಣಿಕರು ಜೀವರಕ್ಷಕ ಜಾಕೆಟ್ ಧರಿಸಿರಲಿಲ್ಲವೆಂದೂ ಆಗ ವರದಿಯಾಯಿತು. ಸಮೀಪದಲ್ಲಿದ್ದ ಇತರ ದೋಣಿಗಳವರು ಧಾವಿಸಿದ್ದರಿಂದ ಉಳಿದವರ ಪ್ರಾಣ ಉಳಿಯಿತು. ಆ ದುರಂತದ ನಂತರದ ಜಾತ್ರೆಗಳಲ್ಲಿ ಜೀವರಕ್ಷಕ ಜಾಕೆಟ್ ಕಡ್ಡಾಯವಾಯಿತು.

ಈ ಘಟನೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದೋಣಿ ಮಗುಚಿದ್ದು ಹೋಗುವಾಗಲ್ಲ, ಬರುವಾಗ. ಯಾವುದೇ ಜಾತ್ರೆಯಲ್ಲಿ ಹೋಗುವವರು ಬೆಳಗಿನಿಂದ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಾರೆ. ಹಿಂದಿರುಗುವಾಗ ಎಲ್ಲರಿಗೂ ಒಟ್ಟಿಗೇ ಅವಸರ. ಊರಿನ ಬಸ್ಸು ತಪ್ಪೀತೆಂಬ ಆತಂಕ, ಮಕ್ಕಳ ಹಸಿವು, ಮುಂದಿನ ದೋಣಿ ಯಾವಾಗ ಬಂದೀತೋ ಎಂಬ ಸಂಶಯ, ಇವೆಲ್ಲ ಸೇರಿ ಕೊನೆಯ ದೋಣಿಗಳ ಮೇಲೆ ಭಾರ ಹೇರುತ್ತವೆ. ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಕಡಲ ಗಾಳಿಯೂ ಬಿರುಸಾಗುತ್ತದೆ. ಆದ್ದರಿಂದ ಹೊರಡುವ ದಡದಲ್ಲಷ್ಟೇ ಕಾವಲಿದ್ದು, ಹಿಂದಿರುಗುವ ದಡದಲ್ಲಿ ಎಣಿಸುವವರಿಲ್ಲದಿದ್ದರೆ ಎಂಥ ನಿಯಮವೂ ಅರ್ಧ ನಿಯಮವೇ.

ಪಳವೇರ್ಕಾಡು, 2011

ಚೆನ್ನೈಯ ಉತ್ತರಕ್ಕಿರುವ ಪಳವೇರ್ಕಾಡು, ಅಂದರೆ ಪುಲಿಕಾಟ್ ಸರೋವರದಲ್ಲಿ 2011ರ ಡಿಸೆಂಬರ್ 25ರ ಕ್ರಿಸ್‌ಮಸ್ ದಿನ ವಿಹಾರಕ್ಕೆ ಹೋದವರ ದೋಣಿ ಮಗುಚಿ 22 ಮಂದಿ ಮೃತಪಟ್ಟರು. ಅವರನ್ನು ಕರೆದೊಯ್ದದ್ದು ಪ್ರಯಾಣಿಕರ ದೋಣಿಯಲ್ಲ, ಮೀನುಗಾರಿಕೆಯ ದೋಣಿ. ಬಲೆ, ಮೀನು ಮತ್ತು ನಾಲ್ಕಾರು ಮಂದಿ ಕಸುಬುದಾರರಿಗಾಗಿ ನಿರ್ಮಿಸಿದ ದೋಣಿಯ ಅಂಚು ತಗ್ಗಾಗಿರುತ್ತದೆ. ಕೂರಲು ಆಸನವಾಗಲಿ ಹಿಡಿಯಲು ಕಂಬಿಯಾಗಲಿ ಇರುವುದಿಲ್ಲ.

ಕೂರ್ಮಗಡ ಮತ್ತು ಪಳವೇರ್ಕಾಡುಗಳಿಗೆ ಭೂಗೋಳದ ಹೋಲಿಕೆಯೂ ಉಂಟು. ಕೂರ್ಮಗಡವು ಕಾಳಿ ನದಿ ಕಡಲು ಸೇರುವ ಪ್ರದೇಶದ ಸಮೀಪದಲ್ಲಿದೆ. ಪಳವೇರ್ಕಾಡಿನಲ್ಲಿ ಸರೋವರವು ಬಂಗಾಳ ಕೊಲ್ಲಿಗೆ ತೆರೆದುಕೊಳ್ಳುತ್ತದೆ. ಇಂಥ ಸಂಗಮಸ್ಥಾನವನ್ನು ನಮ್ಮ ಕರಾವಳಿಯವರು ಅಳಿವೆ ಎನ್ನುತ್ತಾರೆ; ತಮಿಳರು ಮುಗತ್ತುವಾರಂ ಎನ್ನುತ್ತಾರೆ. ಹೊರಹೋಗುವ ನೀರೂ ಒಳಬರುವ ಅಲೆಯೂ ಅಲ್ಲಿ ಎದುರಾಗುತ್ತವೆ, ಮರಳಿನ ದಿಣ್ಣೆಗಳು ಸ್ಥಳ ಬದಲಿಸುತ್ತವೆ. ಒಳಗಿನ ನೀರು ಕನ್ನಡಿಯಂತಿದ್ದರೂ ಅಳಿವೆಯ ಬಾಯಲ್ಲಿ ಅಲೆ ಏಳಬಹುದು. ವಿಹಾರ ದೋಣಿಗಳು ಅಳಿವೆಯತ್ತ ಹೋಗಬಾರದೆಂದು ಗಡಿ ಗುರುತಿಸುವುದು ಈ ಕಾರಣಕ್ಕೆ.

ನಿಯಮ ಹೊರಡಿಸುವವರು ಯಾರು?

ಒಳನಾಡಿನ ಯಾಂತ್ರಿಕ ದೋಣಿಗಳ ನೋಂದಣಿ, ತಪಾಸಣೆ ಮತ್ತು ಚಾಲಕರ ಅರ್ಹತೆಗೆ ಈಗಿರುವ ಕಾನೂನು 2021ರ ಒಳನಾಡು ಹಡಗುಗಳ ಅಧಿನಿಯಮ. ಇದು 1917ರ ಹಳೆಯ ಕಾನೂನಿನ ಸ್ಥಾನದಲ್ಲಿ ಬಂದಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2017ರಲ್ಲಿ ದೋಣಿ ಸುರಕ್ಷತೆಗಾಗಿಯೇ ಪ್ರತ್ಯೇಕ ಮಾರ್ಗಸೂಚಿಯನ್ನು ಪ್ರಕಟಿಸಿದೆ.

ತಾತ್ಕಾಲಿಕ ನಿರ್ಬಂಧಗಳನ್ನು ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳು ಹೊರಡಿಸುತ್ತಾರೆ. ಚೆನ್ನೈಯಂಥ ಮಹಾನಗರದಲ್ಲಿ ಪೊಲೀಸ್ ಆಯುಕ್ತರಿಗೂ ಈ ಅಧಿಕಾರವಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮು ಎಂದು ಜನಜನಿತವಾಗಿದ್ದ ಅಧಿಕಾರವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಲ್ಲಿದೆ. ಇಂಥ ಆದೇಶದ ಅವಧಿ ಸಾಧಾರಣವಾಗಿ 2 ತಿಂಗಳನ್ನು ಮೀರುವಂತಿಲ್ಲ. ಬಾಡಿಗೆಗಾಗಿ ಅಸುರಕ್ಷಿತ ಅಥವಾ ಅತಿಭಾರದ ದೋಣಿಯಲ್ಲಿ ಜನರನ್ನು ಸಾಗಿಸುವುದು ಭಾರತೀಯ ನ್ಯಾಯ ಸಂಹಿತೆಯ 284ನೇ ಕಲಮಿನ ಪ್ರಕಾರ ಅಪರಾಧ. ಅದಕ್ಕೆ 6 ತಿಂಗಳವರೆಗೆ ಸೆರೆವಾಸ ವಿಧಿಸಬಹುದು.

ನಮಗೆ ಪರಿಚಿತವಾದ ಉದಾಹರಣೆಗಳು ಹಲವಿವೆ. ಕಾಣುಂ ಪೊಂಗಲ್ ದಿನ ಮರೀನಾ ಕಡಲತೀರದಲ್ಲಿ ತಡೆಬೇಲಿ ಕಟ್ಟಿ, ಯಾರೂ ಸಮುದ್ರಕ್ಕೆ ಇಳಿಯದಂತೆ ಪೊಲೀಸರು ತಡೆಯುತ್ತಾರೆ. ಕೊಡಗಿನಲ್ಲಿ ಮಳೆ ಸುರಿದು ಕರ್ನಾಟಕದ ಅಣೆಕಟ್ಟುಗಳಿಂದ ನೀರು ಬಿಟ್ಟಾಗ, ಗಡಿಯ ಬಿಳಿಗುಂಡ್ಲುವಿನಲ್ಲಿ ಹರಿವನ್ನು ಅಳೆದು, ಹೊಗೇನಕಲ್ಲಿನ ಹರಿಗೋಲುಗಳನ್ನು ಧರ್ಮಪುರಿ ಜಿಲ್ಲಾಡಳಿತ ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿಗಳು ಹೋಗುವುದಿಲ್ಲ.

ವಿದೇಶದಲ್ಲೂ ಈ ಕ್ರಮವುಂಟು. ಅಮೆರಿಕದ ಫ್ಲೋರಿಡಾ ರಾಜ್ಯದ ಫೋರ್ಟ್ ಲಾಡರ್‌ಡೇಲ್ ನಗರದಲ್ಲಿ ಡಿಸೆಂಬರ್ ತಿಂಗಳಲ್ಲಿ ದೀಪಾಲಂಕೃತ ದೋಣಿಗಳ ಮೆರವಣಿಗೆ ನಡೆಯುತ್ತದೆ. ಅಲ್ಲಿನ ಕರಾವಳಿ ಕಾವಲು ಪಡೆ ಮೆರವಣಿಗೆಯ ಜಲಮಾರ್ಗ, ದಿನ, ಗಂಟೆಗಳನ್ನು ಗೊತ್ತುಪಡಿಸಿ, ಭಾಗವಹಿಸದ ದೋಣಿಗಳು ಅನುಮತಿಯಿಲ್ಲದೆ ಆ ವಲಯಕ್ಕೆ ಬರಬಾರದೆಂದು ಮುಂಚಿತವಾಗಿ ಸಾರುತ್ತದೆ.

ಉತ್ತಮ ನಿಯಮದ ಅಂಗಗಳು

ಒಂದು ಜಾತ್ರೆಗೋ ದೋಣಿ ಮೆರವಣಿಗೆಗೋ ಹೊರಡಿಸುವ ಆದೇಶದಲ್ಲಿ ಈ ಅಂಶಗಳು ಸ್ಪಷ್ಟವಾಗಿರಬೇಕು.

1. ಎಲ್ಲೆ: ದೋಣಿ ಹೊರಡುವ ಸ್ಥಳ, ಸಾಗುವ ಮಾರ್ಗ, ದಾಟಬಾರದ ಗಡಿ.

2. ಕಾಲ: ಮೊದಲ ದೋಣಿ ಮತ್ತು ಕೊನೆಯ ದೋಣಿಯ ವೇಳೆ. ಸೂರ್ಯಾಸ್ತದ ನಂತರ ಸಂಚಾರವಿರಬಾರದು. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು 22 ಮಂದಿಯನ್ನು ಬಲಿತೆಗೆದುಕೊಂಡ ದುರಂತ ಸಂಭವಿಸಿದ್ದು ಕತ್ತಲಾಗುವ ಹೊತ್ತಿಗೆ. ಅದು ಮೀನುಗಾರಿಕೆಯಿಂದ ವಿಹಾರಕ್ಕೆ ಮಾರ್ಪಡಿಸಿದ ದೋಣಿಯಾಗಿತ್ತು.

3. ಸಂಖ್ಯೆ: ಪ್ರತಿ ದೋಣಿಯ ಮೇಲೆ ಎದ್ದು ಕಾಣುವಂತೆ ಬರೆದ ಪ್ರಯಾಣಿಕರ ಮಿತಿ. ಮಡಿಲ ಮಗುವೂ ಒಂದು ಜೀವವೆಂದೇ ಲೆಕ್ಕ.

4. ಜೀವರಕ್ಷಕ ಜಾಕೆಟ್: ದೋಣಿಯಲ್ಲಿ ಇದ್ದರೆ ಸಾಲದು, ಹತ್ತುವ ಮುನ್ನ ಧರಿಸಿರಬೇಕು. ಮಕ್ಕಳ ಅಳತೆಯವು ಪ್ರತ್ಯೇಕವಾಗಿರಬೇಕು.

5. ಅಧಿಕಾರ: ಗಾಳಿ ಬದಲಾದಾಗ ಸಂಚಾರ ನಿಲ್ಲಿಸಲು ಸ್ಥಳದಲ್ಲೇ ಇರುವ ಒಬ್ಬ ಅಧಿಕಾರಿ.

6. ರಕ್ಷಣೆ: ಪ್ರಯಾಣಿಕರನ್ನು ಹತ್ತಿಸದೆ ರಕ್ಷಣೆಗೆಂದೇ ಮೀಸಲಿಟ್ಟ ದೋಣಿ ಮತ್ತು ಈಜುಗಾರರು.

7. ತಾಳೆ: ಹೋದವರ ಮತ್ತು ಬಂದವರ ಎಣಿಕೆ. ಬ್ಯಾಂಕಿನಲ್ಲಿ ದಿನದ ಕೊನೆಗೆ ನಗದು ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿಲ್ಲ. ಮನುಷ್ಯರ ವಿಷಯದಲ್ಲಿ ಅದಕ್ಕಿಂತ ಸಡಿಲವಾದ ಕ್ರಮ ಸಲ್ಲದು.

ದೋಣಿ ಮಗುಚುವುದೇಕೆ?

ದೋಣಿಯ ಸ್ಥಿರತೆ ಭಾರ ಎಷ್ಟೆಂಬುದನ್ನು ಮಾತ್ರವಲ್ಲ, ಅದು ಎಲ್ಲಿದೆ ಎಂಬುದನ್ನೂ ಅವಲಂಬಿಸಿದೆ. ಜನ ಕುಳಿತಾಗ ಗುರುತ್ವ ಕೇಂದ್ರ ಕೆಳಗಿರುತ್ತದೆ. ಎದ್ದು ನಿಂತೊಡನೆ ಅದು ಮೇಲೇರುತ್ತದೆ. ಭಾರ ಹೆಚ್ಚಿದಷ್ಟೂ ದೋಣಿಯ ಅಂಚು ನೀರಿಗೆ ಸಮೀಪವಾಗುತ್ತದೆ. ಆಗ ಛಾಯಾಚಿತ್ರಕ್ಕಾಗಿಯೋ, ಅಲೆಗೆ ಬೆದರಿಯೋ ಎಲ್ಲರೂ ಒಂದೇ ಬದಿಗೆ ಸರಿದರೆ ಅಂಚು ಮುಳುಗಿ ನೀರು ನುಗ್ಗುತ್ತದೆ. ಒಳಬಂದ ನೀರು ವಾಲಿದ ಬದಿಗೇ ಹರಿದು ವಾಲುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇದೆಲ್ಲ ಕೆಲವೇ ಕ್ಷಣಗಳ ಮಾತು. ಜಾಕೆಟ್ ಹುಡುಕಿ ತೊಡಲು ಆಗ ಸಮಯವಿರುವುದಿಲ್ಲ.

ಕುಟುಂಬಗಳು ಪಾಲಿಸಬೇಕಾದುದು

ದೋಣಿಯ ಮಿತಿ ಎಷ್ಟೆಂದು ಕೇಳಿ, ಹತ್ತಿದವರನ್ನು ನೀವೇ ಎಣಿಸಿರಿ. ಸಂಕೋಚ ಬೇಡ, ಎಣಿಕೆ ಮೀರಿದರೆ ಇಳಿಯಿರಿ. ಕೊಟ್ಟ ಹಣ ಹೋದರೆ ಹೋಗಲಿ. ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದು, ಭುಜದ ಬಳಿ ಹಿಡಿದೆತ್ತಿ ನೋಡಿರಿ. ಅದು ಕಿವಿಯವರೆಗೆ ಮೇಲೇರಿದರೆ ಅಳತೆ ಸರಿಯಿಲ್ಲವೆಂದು ತಿಳಿಯಿರಿ. ಮಗುವಿನ ಜಾಕೆಟ್ಟಿಗೆ ಕಾಲುಗಳ ನಡುವೆ ಹಾಯುವ ಪಟ್ಟಿಯಿರುವುದು ಒಳ್ಳೆಯದು. ಮುಚ್ಚಿದ ಒಳಕೋಣೆಗಿಂತ ತೆರೆದ ಭಾಗದಲ್ಲಿ ಕೂರುವುದು ಲೇಸು. ದೋಣಿ ಮಗುಚಿದರೆ ದಡ ಹತ್ತಿರವೆನಿಸಿದರೂ ಈಜಲು ಹೊರಡದೆ, ತೇಲುತ್ತಿರುವ ದೋಣಿಯನ್ನೇ ಹಿಡಿದುಕೊಂಡು ಒಟ್ಟಾಗಿರಬೇಕು.

ಈ ದೂರವಾಣಿ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿರಿ: ಸಾಮಾನ್ಯ ತುರ್ತು ಸೇವೆ 112, ಆಂಬ್ಯುಲೆನ್ಸ್ 108, ಕರಾವಳಿ ಭದ್ರತಾ ಪೊಲೀಸ್ 1093, ಭಾರತೀಯ ತಟರಕ್ಷಕ ದಳ 1554.

ಹಬ್ಬದ ದಿನ ಪೊಲೀಸರು ತಡೆದಾಗ, ಇಷ್ಟು ದೂರ ಬಂದು ಹಿಂದಿರುಗಬೇಕೇ ಎಂದು ಬೇಸರವಾಗುವುದು ಸಹಜ. ಕೂರ್ಮಗಡಕ್ಕೆ ಹಾವೇರಿಯಿಂದ ಬಂದವರೂ ಬಹು ದೂರದಿಂದಲೇ ಬಂದಿದ್ದರು. ಕೊನೆಯ ದೋಣಿ ತುಂಬಿದೆಯೆಂದು ದಡದಲ್ಲಿ ನಿಲ್ಲಿಸಿದರೆ, ಅಲ್ಲೇ ಕುಳಿತು ಕಾಯಿರಿ. ಒಂದು ರಾತ್ರಿ ತಡವಾಗಿ ಮನೆ ಸೇರಿದರೆ ನಷ್ಟವೇನೂ ಇಲ್ಲ.