ಪಲ್ಲಾವರಂ ದೊಡ್ಡ ಕೆರೆ: ಒಂದು ಪರಿಸರ ವ್ಯವಸ್ಥೆಯ ಚರಿತ್ರೆ

ಪಲ್ಲಾವರಂ ದೊಡ್ಡ ಕೆರೆ ಚೆನ್ನೈನ ದಕ್ಷಿಣ ಭಾಗದ ಮಳೆಯಾಶ್ರಿತ ಕೆರೆ. ತಮಿಳಿನಲ್ಲಿ ಇದು ಪೆರಿಯ ಏರಿ. ಇದರ ಕೋಡಿಯ ನೀರು ಕೀಳ್‌ಕಟ್ಟಳೈ ಕೆರೆಗೆ, ಅಲ್ಲಿಂದ ನಾರಾಯಣಪುರಂ ಕೆರೆಗೆ, ಕೊನೆಗೆ ಪಳ್ಳಿಕರಣೈ ಜೌಗಿಗೆ ಇಳಿಯುತ್ತದೆ. ಜೌಗು ತುಂಬಿದರೆ ಒಕ್ಕಿಯಂ ಮಡುವು, ಬಕಿಂಗ್‌ಹ್ಯಾಮ್ ಕಾಲುವೆಗಳ ಹಾದಿಯಲ್ಲಿ ಕಡಲು ಸೇರುತ್ತದೆ. ಕೋಲಾರದ ಸಾಲುಕೆರೆಗಳನ್ನು ಕಂಡವರಿಗೆ ಈ ಏರ್ಪಾಡು ಹೊಸದಲ್ಲ.

ಪಲ್ಲಾವರಂ ಊರಿನ ನೆಲ ಬಹಳ ಹಳೆಯದು. 1863ರ ಮೇ 30ರಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಜಂಬಿಟ್ಟಿಗೆ ಜಲ್ಲಿಯ ಗುಂಡಿಯಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧವೊಂದನ್ನು ಕಂಡುಹಿಡಿದ. ನಮ್ಮ ಧಾರವಾಡ ಶಿಲಾವರ್ಗಕ್ಕೆ ಆ ಹೆಸರಿಟ್ಟವನೂ ಈತನೇ. ಸುತ್ತಲಿನ ಗುಡ್ಡಗಳದು ಚಾರ್ನೊಕೈಟ್ ಎಂಬ ಗಟ್ಟಿ ಶಿಲೆ. ಬಂಡೆಯ ಮೇಲೆ ಬಿದ್ದ ಮಳೆ ಇಂಗದೆ ಜಾರಿ ತಗ್ಗಿಗೆ ಬರುತ್ತದೆ. ಆ ತಗ್ಗಿಗೆ ಏರಿ ಕಟ್ಟಿದರೆ ಕೆರೆಯಾಯಿತು.

ಕೆರೆಯೆಂದರೆ ನೀರಷ್ಟೇ ಅಲ್ಲ, ಅದೊಂದು ಪರಿಸರ ವ್ಯವಸ್ಥೆ. ಆ ಪರಿಕಲ್ಪನೆಯನ್ನು 1935ರಲ್ಲಿ ಬ್ರಿಟಿಷ್ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್‌ಲೇ ಮುಂದಿಟ್ಟ. ಜೀವಿಗಳನ್ನೂ ಅವುಗಳ ಮಣ್ಣು, ನೀರು, ಗಾಳಿಯನ್ನೂ ಒಂದೇ ಘಟಕವಾಗಿ ನೋಡಬೇಕೆಂಬುದು ಅವನ ವಾದ. ಅದನ್ನು ಲೆಕ್ಕಕ್ಕೆ ಇಳಿಸಿದ್ದು ಒಂದು ಪುಟ್ಟ ಕೆರೆಯೇ. ಅಮೆರಿಕದ ಮಿನ್ನೆಸೋಟದ ಸೀಡರ್ ಬಾಗ್ ಲೇಕ್‌ನಲ್ಲಿ ದುಡಿದ ರೇಮಂಡ್ ಲಿಂಡೆಮನ್ ಅಲ್ಲಿ ಶಕ್ತಿ ಒಂದು ಪೋಷಣಾ ಸ್ತರದಿಂದ ಇನ್ನೊಂದಕ್ಕೆ ಹೇಗೆ ಸಾಗುತ್ತದೆಂದು ಅಳೆದ. ಅದರ ಪ್ರಬಂಧ 1942ರಲ್ಲಿ ಅಚ್ಚಾಗುವ ಮೊದಲೇ, 26ನೇ ವಯಸ್ಸಿನಲ್ಲಿ ಅವನು ತೀರಿಕೊಂಡಿದ್ದ. ಒಂದು ಸ್ತರದ ಶಕ್ತಿಯಲ್ಲಿ ಸುಮಾರು ಹತ್ತನೇ ಒಂದು ಪಾಲಷ್ಟೇ ಮೇಲಿನದಕ್ಕೆ ದಾಟುತ್ತದೆ ಎಂಬ ಇಂದಿನ ಸ್ಥೂಲ ನಿಯಮಕ್ಕೆ ಅದೇ ತಳಹದಿ.

ಇಂಥ ಕೆರೆಗಳಲ್ಲಿ ಪಾಚಿ ಮತ್ತು ಜೊಂಡು ಬಿಸಿಲನ್ನು ಆಹಾರ ಮಾಡುತ್ತವೆ. ನೀರಿನ ಸೂಕ್ಷ್ಮಜೀವಿಗಳು, ಹುಳುಗಳು, ಮೀನು, ಮಿಂಚುಳ್ಳಿ, ಬೆಳ್ಳಕ್ಕಿ ಒಂದರ ಮೇಲೊಂದು ನಿಲ್ಲುತ್ತವೆ. ಸತ್ತದ್ದನ್ನೆಲ್ಲ ಬ್ಯಾಕ್ಟೀರಿಯಾಗಳು ಬಿಡಿಸಿ ಮರಳಿ ಗೊಬ್ಬರವಾಗಿಸುತ್ತವೆ. ಈ ಸೀಮೆಗೆ ಹೆಚ್ಚಿನ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಹಿಂಗಾರಿನಲ್ಲಿ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟ ಕೆಸರಿನಲ್ಲಿ ಎಷ್ಟೋ ಜಲಜೀವಿಗಳ ಮೊಟ್ಟೆಗಳು ಮಲಗಿದ್ದು, ಮೊದಲ ನೀರಿಗೆ ಏಳುತ್ತವೆ. ಹಾಗಾಗಿ ಮಳೆಯಾಶ್ರಿತ ಕೆರೆಗೆ ಒಣಗುವುದೂ ಆರೋಗ್ಯದ ಭಾಗ.

ಆ ಲಯಕ್ಕೆ ಇಪ್ಪತ್ತನೇ ಶತಮಾನ ಅಡ್ಡ ಬಂತು. ಮದ್ರಾಸಿನಲ್ಲಿ ಕ್ರೋಮ್ ಚರ್ಮ ಹದಗೊಳಿಸುವ ವಿಧಾನವನ್ನು ಪ್ರಯೋಗಿಸಿ ಬೆಳೆಸಿದವನು ಆಲ್ಫ್ರೆಡ್ ಚಾಟರ್ಟನ್, ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾದವನು. ಪಲ್ಲಾವರದ ಪಕ್ಕದಲ್ಲಿ ಕ್ರೋಮ್ ಲೆದರ್ ಕಾರ್ಖಾನೆ ಬಂದು ಆ ಬಡಾವಣೆಗೆ ಕ್ರೋಮ್‌ಪೇಟೆ ಎಂಬ ಹೆಸರೇ ನಿಂತಿತು. ಹಲವು ಟ್ಯಾನರಿಗಳು ದಶಕಗಳ ಕಾಲ ಬಿಟ್ಟ ಉಪ್ಪು ಮತ್ತು ಕ್ರೋಮಿಯಂ ಅಂತರ್ಜಲಕ್ಕೆ ಇಳಿದವು. ಪಾಚಿಯನ್ನು ಮೀನು ತಿಂದು ಅರಗಿಸಬಹುದು, ಲೋಹವನ್ನು ಯಾವ ಬ್ಯಾಕ್ಟೀರಿಯವೂ ಬಿಡಿಸಿ ಇಲ್ಲವಾಗಿಸಲಾರದು.

ಚರಂಡಿ ನೀರಿನ ಹಾನಿ ಬೇರೆ ಬಗೆಯದು. ರಂಜಕ, ಸಾರಜನಕ ಹೆಚ್ಚಿದರೆ ಪಾಚಿ ಮಿತಿಮೀರುತ್ತದೆ, ವಾಟರ್ ಹಯಸಿಂತ್ ನೀರನ್ನು ಹೊದೆಯುತ್ತದೆ. ರಾತ್ರಿ ಇಡೀ ಸಸ್ಯಗಳೂ ಬ್ಯಾಕ್ಟೀರಿಯಾಗಳೂ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಅಂಥ ಕೆರೆಯ ದಡದಲ್ಲಿ ನಸುಕಿನಲ್ಲಿ ನಿಂತರೆ ಮೀನುಗಳು ಮೇಲ್ಮೈಗೆ ಬಾಯಿ ಹಚ್ಚಿ ಗುಟುಕುಗುಟುಕಾಗಿ ಉಸಿರಿಗೆ ಹೆಣಗುವುದು ಕಾಣುತ್ತದೆ. ಬಿಸಿಲೇರಿದಾಗ ಸತ್ತವು ಹೊಟ್ಟೆ ಮೇಲಾಗಿ ತೇಲುತ್ತವೆ.

ತೊರೈಪಾಕ್ಕಂ ಕಡೆಗಿನ ರೇಡಿಯಲ್ ರಸ್ತೆ ಕೆರೆಯನ್ನು ಎರಡು ಹೋಳಾಗಿಸಿತು. ವರ್ಷಗಟ್ಟಲೆ ಊರಿನ ಕಸವನ್ನೂ ಇದರ ಒಡಲಿಗೆ ಸುರಿದರು. ಕೆರೆಯ ಪಾಲಿಗೆ ಇದು ಟ್ಯಾನರಿಗಿಂತ ಕಡಿಮೆ ಪೆಟ್ಟಲ್ಲ.

2022ರಲ್ಲಿ ಪಳ್ಳಿಕರಣೈ ಜೌಗು ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ, ಎನಿಸಿತು. ಅದರ ವಿಸ್ತಾರ ಸುಮಾರು 1,247 ಹೆಕ್ಟೇರು. ಜೌಗಿಗೆ ನೀರು ಕಳಿಸುವ ಪಲ್ಲಾವರಂ ಕೆರೆ ಆ ಗಡಿಯ ಹೊರಗಿದೆ.