ರವಿವರ್ಮನೂ ಚಿತ್ರಪ್ರದರ್ಶನಗಳೂ

ರಾಜಾ ರವಿವರ್ಮನ ಕೀರ್ತಿಯನ್ನು ಅರಮನೆಗಳ ಲೆಕ್ಕಕ್ಕೆ ಬರೆಯುವುದು ವಾಡಿಕೆ. ಆದರೆ ಆತನನ್ನು ಬೆಳೆಸಿದುದರಲ್ಲಿ ಪ್ರದರ್ಶನಗಳ ಪಾಲು ಸಣ್ಣದಲ್ಲ.

1848ರಲ್ಲಿ ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಹುಟ್ಟಿದ ಈತನು ತಾರುಣ್ಯದಲ್ಲಿ ನಮ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸೇವೆ ಸಲ್ಲಿಸಿದ್ದನು. 1873ರಲ್ಲಿ ಮದರಾಸಿನ ಕಲಾಪ್ರದರ್ಶನಕ್ಕೆ, ಹೂ ಮುಡಿಯುತ್ತಿರುವ ನಾಯರ್ ಸ್ತ್ರೀಯ ಚಿತ್ರವನ್ನು ಕಳುಹಿಸಿ ಗವರ್ನರರ ಚಿನ್ನದ ಪದಕವನ್ನು ಪಡೆದನು. ಅದೇ ವರ್ಷ ವಿಯೆನ್ನಾ ಪ್ರದರ್ಶನದಲ್ಲಿಯೂ ಆತನಿಗೆ ಮನ್ನಣೆ ದೊರೆಯಿತು. ಚಿತ್ರವು ಕಡಲು ದಾಟಿತು. ಚಿತ್ರಕಾರನು ಎಂದೂ ದಾಟಲಿಲ್ಲ!

ಪದಕಗಳಿಗಿಂತ ಹಿರಿದಾದ ಸಂಗತಿ ಬೇರೊಂದಿದೆ. ಬರೋಡೆಯ ಸಯಾಜಿರಾವ್ ಗಾಯಕವಾಡರು 1888ರಲ್ಲಿ ಹದಿನಾಲ್ಕು ಪೌರಾಣಿಕ ಚಿತ್ರಗಳನ್ನು ಬರೆದುಕೊಡುವಂತೆ ಕೇಳಿದರು. ಅವು ಅರಮನೆಯ ಗೋಡೆಯನ್ನು ಸೇರುವ ಮೊದಲು ತಿರುವನಂತಪುರದಲ್ಲಿಯೂ ಮುಂಬಯಿಯಲ್ಲಿಯೂ ಸಾರ್ವಜನಿಕರ ಮುಂದೆ ತೆರೆದಿರಿಸಲ್ಪಟ್ಟವು. ಅದುವರೆಗೆ ಇಂಥ ತೈಲಚಿತ್ರಕ್ಕೆ ಒಡೆಯನೇ ನೋಟಕ, ಒಡೆಯನೇ ವಿಮರ್ಶಕ. ಈಗ ನಳದಮಯಂತಿಯರ ಕಥೆಯನ್ನು ಹರಿಕಥೆಯಲ್ಲಿ ಕೇಳಿದ್ದ ಸಾಮಾನ್ಯನೂ ಚಿತ್ರದ ಮುಂದೆ ನಿಂತು, ಚೆನ್ನು ಅಥವಾ ಅಲ್ಲ ಎನ್ನುವ ಅಧಿಕಾರವನ್ನು ಪಡೆದನು. ಜನರು ಗುಂಪುಗುಂಪಾಗಿ ಬಂದರು. ಮುಂದೆ 1893ರಲ್ಲಿ ಷಿಕಾಗೋವಿಗೆ ಹತ್ತು ಚಿತ್ರಗಳು ಹೋದವು. ಅಲ್ಲಿಯೂ ಬಹುಮಾನ ಬಂದಿತು.

ಮರುವರ್ಷ ಮುಂಬಯಿಯಲ್ಲಿ ಸ್ಥಾಪಿತವಾದ ಆತನ ಮುದ್ರಣಾಲಯವು ಈ ನೋಟಕರ ಮನೆಗೇ ದೇವತೆಗಳನ್ನು ಕಳುಹಿಸಿತು. ಅಚ್ಚಿನಲ್ಲಿ ಬಣ್ಣದ ಸೊಗಸು ಕೆಟ್ಟಿತೆಂದು ರಸಿಕರು ಹಳಿದರು. ಅದು ಸುಳ್ಳೇನೂ ಅಲ್ಲ. ಪಂಚಾಂಗದ ಪಟದ ಲಕ್ಷ್ಮಿಯನ್ನು ಮಾತ್ರ ಬಲ್ಲ ನಮ್ಮ ವಿದ್ಯಾರ್ಥಿಗಳು ಮೈಸೂರಿಗೆ ಹೋದಾಗ, ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ ಆತನ ಮೂಲಚಿತ್ರಗಳ ಮುಂದೆ ನಿಂತು, ಸೀರೆಯ ಜರಿಯೊಂದನ್ನಾದರೂ ಹತ್ತಿರದಿಂದ ನೋಡಬೇಕು.