ಅಳಿಸಿದಷ್ಟೂ ಬೆಳೆಯುವ ಉಗ್ರಾಣ

ಒಂದು ಪುಟ ಅಳಿಸಿದರೆ ಡಿಸ್ಕಿನಲ್ಲಿ ಜಾಗ ಉಳಿಯಬೇಕು. ಅಪಾಚೆ ಜಾಕ್‌ರ್ಯಾಬಿಟ್ ಓಕ್ ಎಂಬ ತಂತ್ರಾಂಶದಲ್ಲಿ ಪುಟ ಅಳಿಸಿದರೆ ಡಿಸ್ಕ್ ಇನ್ನಷ್ಟು ತುಂಬುತ್ತದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ್ದು. ಹೀಗೇಕೆ ಮಾಡಿದರೆಂಬುದಕ್ಕೆ ಹತ್ತು ಹನ್ನೆರಡು ವರ್ಷಗಳ ಕತೆಯಿದೆ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಡೇ ಸಾಫ್ಟ್‌ವೇರ್ ಎಂಬ ಕಂಪನಿಯಿತ್ತು. ದೊಡ್ಡ ಸಂಸ್ಥೆಗಳ ವೆಬ್‌ಸೈಟ್ ನಡೆಸುವ ತಂತ್ರಾಂಶ ಅದರ ಸರಕು. ಆಗ ಇಂಥ ಪ್ರತಿಯೊಂದು ತಂತ್ರಾಂಶವೂ ಪುಟ, ಚಿತ್ರ, ಕಡತಗಳನ್ನು ತನ್ನದೇ ಬಗೆಯಲ್ಲಿ ಕೂಡಿಡುತ್ತಿತ್ತು. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಬಳಿ ಹೋಗುವುದು ಸುಲಭವಿರಲಿಲ್ಲ. ಡೇ ಕಂಪನಿಯ ಡೇವಿಡ್ ನುಶೆಲರ್ ಮುಂದಾಳಾಗಿ, ಜಾವಾ ಬಳಸುವ ಎಲ್ಲರಿಗೂ ಹೊಂದುವ ಒಂದು ಮಾನಕ ತಯಾರಾಯಿತು. 2005ರಲ್ಲಿ ಅಂತಿಮಗೊಂಡ ಅದರ ಹೆಸರು ಜೆಎಸ್‌ಆರ್-170. ರೆಸ್ಟ್ ಎಂಬ ವೆಬ್ ವಿನ್ಯಾಸದ ಪರಿಕಲ್ಪನೆ ಕೊಟ್ಟ ರಾಯ್ ಫೀಲ್ಡಿಂಗ್ ಕೂಡ ಡೇ ಕಂಪನಿಯಲ್ಲೇ ಮುಖ್ಯ ವಿಜ್ಞಾನಿಯಾಗಿದ್ದರು. ಮಾನಕದ ಮಾದರಿ ರೂಪವಾದ ಜಾಕ್‌ರ್ಯಾಬಿಟ್ 2004ರಲ್ಲಿ ಅಪಾಚೆ ಪ್ರತಿಷ್ಠಾನದ ಮಡಿಲು ಸೇರಿತು, 2006ರಲ್ಲಿ 1.0 ಆಗಿ ಹೊರಬಂತು.

ಜಾಕ್‌ರ್ಯಾಬಿಟ್ ತುಂಬ ಉದಾರಿ. ಒಳಗೆ ಹಾಕಿದ್ದಕ್ಕೆಲ್ಲ ತಾನೇ ಸೂಚಿ ಮಾಡಿಕೊಳ್ಳುತ್ತಿತ್ತು. ಆದರೆ ಸೂಚಿ ಇರುತ್ತಿದ್ದುದು ಯಂತ್ರದ ಡಿಸ್ಕಿನಲ್ಲಿ, ಮಾಹಿತಿ ಅನೇಕ ಕಡೆ ಬೇರೆ ಡೇಟಾಬೇಸಿನಲ್ಲಿ. ನಡುವೆ ಕರೆಂಟು ಹೋದರೆ ಇಬ್ಬರ ಮಾತೂ ಬೇರೆಯಾಗುತ್ತಿತ್ತು. ಪರಿಹಾರ ಒರಟು: ಯಂತ್ರ ನಿಲ್ಲಿಸಿ, ಸೂಚಿಯ ಫೋಲ್ಡರ್ ಅಳಿಸಿ, ಮತ್ತೆ ಶುರುಮಾಡಿ, ಅದು ಮೊದಲಿಂದ ಕಟ್ಟಿಕೊಳ್ಳುವವರೆಗೆ ಕಾಯುವುದು. ಒಂದೇ ಫೋಲ್ಡರಿನಡಿ ಹತ್ತು ಸಾವಿರಕ್ಕಿಂತ ಹೆಚ್ಚು ಮಕ್ಕಳನ್ನು ಇಟ್ಟರೂ ತೆವಳುತ್ತಿತ್ತು.

2010ರಲ್ಲಿ ಅಡೋಬಿ ಸುಮಾರು 24 ಕೋಟಿ ಡಾಲರ್ ಕೊಟ್ಟು ಡೇ ಕಂಪನಿಯನ್ನು ಕೊಂಡಿತು. ಜಾಕ್‌ರ್ಯಾಬಿಟ್ ಅಪಾಚೆಯಲ್ಲೇ ಉಳಿಯಿತು. ಹಳೆಯದಕ್ಕೆ ತೇಪೆ ಹಾಕುವ ಬದಲು ಹೊಸದಾಗಿ ಬರೆದ ಓಕ್‌ನ 1.0 ಆವೃತ್ತಿ 2014ರಲ್ಲಿ ಬಂತು. ಅದು ಉದಾರತೆಯನ್ನು ಬಿಟ್ಟಿತು. ಓಕ್ ತಾನಾಗಿ ಎಲ್ಲಕ್ಕೂ ಸೂಚಿ ಮಾಡುವುದಿಲ್ಲ, ಬೇಕಾದುದನ್ನು ನಾವೇ ಹೇಳಬೇಕು. ಜಾಕ್‌ರ್ಯಾಬಿಟ್‌ನಲ್ಲಿ ಸಲೀಸಾಗಿ ನಡೆದ ಹುಡುಕಾಟ ಓಕ್‌ಗೆ ಬಂದೊಡನೆ ಸಾವಿರಾರು ಕಡತಗಳನ್ನು ಒಂದೊಂದಾಗಿ ತಡಕುವುದಕ್ಕೆ ಕಾರಣ ಇದೇ. ಲಾಗ್‌ನಲ್ಲಿ ಅದರ ಎಚ್ಚರಿಕೆಯೂ ಬರುತ್ತದೆ. ಓದುವವರು ಕಡಿಮೆ.

ಇನ್ನೊಂದು ಬದಲಾವಣೆ ಇನ್ನೂ ಆಳದ್ದು. ಅಂಗಡಿಯ ಕಿರ್ದಿ ಪುಸ್ತಕದಲ್ಲಿ ಬರೆದುದನ್ನು ಅಳಿಸುವುದಿಲ್ಲ, ತಪ್ಪಿದ್ದರೆ ಕೆಳಗೆ ಹೊಸ ನಮೂದು ಹಾಕುತ್ತಾರೆ. ಓಕ್‌ನ ಸೆಗ್ಮೆಂಟ್ ಸ್ಟೋರ್ ಕೂಡ ಹಾಗೆಯೇ. (ಮಾಂಗೋಡಿಬಿ ಬಳಸುವ ಬಗೆಯೂ ಇದೆ, ಅದರ ಕತೆ ಬೇರೆ.) ಪ್ರತಿ ಬದಲಾವಣೆಯೂ ಟಾರ್ ಕಡತಗಳ ಕೊನೆಗೆ ಸೇರುತ್ತದೆ, ಹಳೆಯದು ಇದ್ದಲ್ಲೇ ಇರುತ್ತದೆ. ಓದುತ್ತಿರುವವನಿಗೆ ಬರೆಯುವವನಿಂದ ಅಡ್ಡಿಯಿಲ್ಲ, ಯಂತ್ರ ನಡುವೆ ಬಿದ್ದರೂ ಹಿಂದಿನ ಸ್ಥಿತಿ ಭದ್ರ. ಅಳಿಸುವುದೂ ಒಂದು ನಮೂದೇ ಆದ್ದರಿಂದ ಕಿರ್ದಿ ದಪ್ಪವಾಗುತ್ತಲೇ ಹೋಗುತ್ತದೆ.

ಹಾಗಾದರೆ ಹಳೆಯ ಹಾಳೆಗಳನ್ನು ಯಾವಾಗ ಹರಿಯುವುದು? ಯಾವುದೋ ಪ್ರೋಗ್ರಾಮು ಸೆಷನ್ ತೆರೆದು ಮುಚ್ಚಲು ಮರೆತಿದ್ದರೆ ಅದು ಹಳೆಯ ಹಾಳೆಯನ್ನು ಹಿಡಿದುಕೊಂಡೇ ಕೂತಿರುತ್ತದೆ. ಮೊದಲ ವರ್ಷಗಳಲ್ಲಿ ಇದರಿಂದಾಗಿ ಯಂತ್ರ ಓಡುತ್ತಿರುವಾಗ ಮಾಡಿದ ಶುಚಿ ಫಲಿಸುತ್ತಿರಲಿಲ್ಲ. ಎಲ್ಲವನ್ನೂ ನಿಲ್ಲಿಸಿ ಓಕ್-ರನ್ ಎಂಬ ಉಪಕರಣದಿಂದ ಕುಗ್ಗಿಸಬೇಕಿತ್ತು. ಹಾಗಾಗಿ ಆ ಕೆಲಸ ಸಾಮಾನ್ಯವಾಗಿ ರಾತ್ರಿಪಾಳಿಯವರ ಪಾಲಿಗೆ ಬೀಳುತ್ತಿತ್ತು.

2017ರ ಓಕ್ 1.6 ಕಠಿಣ ನಿಯಮ ತಂದಿತು. ಪ್ರತಿ ಶುಚಿಯ ಸುತ್ತೂ ಒಂದು ತಲೆಮಾರು. ಇತ್ತೀಚಿನ ಎರಡು ತಲೆಮಾರು ಉಳಿಯುತ್ತವೆ, ಅದಕ್ಕಿಂತ ಹಳೆಯದನ್ನು ಯಾರು ಹಿಡಿದಿದ್ದಾರೆಂದು ಕೇಳುವುದೇ ಇಲ್ಲ. ನನಗೆ ಇದು ಸರಿಯಾದ ನಿರ್ಧಾರ ಅನ್ನಿಸುತ್ತದೆ. ಮರೆಗುಳಿ ಪ್ರೋಗ್ರಾಮಿಗಾಗಿ ಇಡೀ ಉಗ್ರಾಣ ಕೊಳೆಯುವುದು ನ್ಯಾಯವಲ್ಲ. ತೊಂದರೆ ಇರುವುದು ದೋಷದ ಹೆಸರಿನಲ್ಲಿ. ಅವಧಿ ಮೀರಿದ ಸೆಷನ್‌ಗೂ ನಿಜವಾಗಿ ಕಡತ ಹಾಳಾದಾಗಲೂ ಬರುವುದು ಒಂದೇ ಸಂದೇಶ: ಸೆಗ್ಮೆಂಟ್‌ನಾಟ್‌ಫೌಂಡ್. ಮೊದಲನೆಯದಾದರೆ ಪ್ರೋಗ್ರಾಮು ತಿದ್ದಿದರೆ ಮುಗಿಯಿತು. ಎರಡನೆಯದಾದರೆ ಓಕ್-ರನ್ ಚೆಕ್ ಓಡಿಸಬೇಕು. ಅದು ಜರ್ನಲ್ ಕಡತವನ್ನು ಕೊನೆಯಿಂದ ಹಿಂದಕ್ಕೆ ಓದುತ್ತ ಕೊನೆಯ ಆರೋಗ್ಯಕರ ಸ್ಥಿತಿಯನ್ನು ಹುಡುಕಿಕೊಡುತ್ತದೆ. ಇವೆರಡನ್ನು ಬಿಡಿಸಿ ನೋಡದೆ ಬ್ಯಾಕಪ್ ಎಳೆದರೆ, ಯಾವ ಹಾನಿಯೂ ಆಗದಿದ್ದ ಕಡೆ ಒಂದು ದಿನದ ಕೆಲಸ ಹೋಗುತ್ತದೆ.

ಚಿತ್ರ, ವೀಡಿಯೊಗಳ ಸಂಗತಿ ಇನ್ನೂ ಸೂಕ್ಷ್ಮ. ಅವುಗಳ ಡೇಟಾ ಸ್ಟೋರ್ ಪ್ರತ್ಯೇಕ, ಒಂದೇ ಚಿತ್ರವನ್ನು ಹತ್ತು ಸಲ ಹಾಕಿದರೂ ಅಲ್ಲಿ ಒಂದೇ ಪ್ರತಿ. ಎರಡು ಉಗ್ರಾಣಗಳು ಒಂದೇ ಸ್ಟೋರ್ ಹಂಚಿಕೊಳ್ಳುವುದೂ ಉಂಟು. ಆಗ ಒಂದು ತನಗೆ ಬೇಡವೆಂದು ಗುಡಿಸಿದ್ದು ಇನ್ನೊಂದರ ಪುಟದಲ್ಲಿ ಬಳಕೆಯಲ್ಲಿರಬಹುದು. ಅದಕ್ಕೇ ಮೊದಲು ಎಲ್ಲ ಉಗ್ರಾಣಗಳೂ ತಮಗೆ ಬೇಕಾದುದನ್ನು ಗುರುತು ಹಾಕಬೇಕು, ಆಮೇಲೆ ಒಂದು ಮಾತ್ರ ಗುಡಿಸಬೇಕು. ಗುರುತು ಬೀಳದಿದ್ದರೂ ಕಳೆದ 24 ಗಂಟೆಯೊಳಗೆ ಬಂದದ್ದನ್ನು ಮುಟ್ಟದಂತೆ ಓಕ್‌ನಲ್ಲಿ ಮೊದಲೇ ನಿಗದಿಯಾಗಿದೆ.